ಕೆಚ್ಚಲು ಬಾವು: ಪ್ಯಾಡಲ್, ಕಲ್ಚರ್, ಪಿಸಿಆರ್ ಮೂರನ್ನೂ ಮಾಡಿಸಿ ನೋಡಿದ ಮೇಲೆ

ಹಾಲಿನಲ್ಲಿ ಗಡ್ಡೆ ಕಂಡ ತಕ್ಷಣ ನಮ್ಮ ಕಡೆ ಮೊದಲು ಕೆಚ್ಚಲಿಗೆ ಆಂಟಿಬಯೋಟಿಕ್ ಟ್ಯೂಬ್ ಹಾಕಿಸುತ್ತೇವೆ. ಯಾವ ಬ್ಯಾಕ್ಟೀರಿಯಾದಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಆದರೆ ಎಲ್ಲದಕ್ಕೂ ಒಂದೇ ಔಷಧಿ ನಾಟುವುದಿಲ್ಲ ಅಲ್ವಾ? ಅದಕ್ಕೇ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸುಗಳ ಹಾಲನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಿಸಿ ನೋಡಿದೆ.

ಎಲ್ಲಕ್ಕಿಂತ ಅಗ್ಗದ್ದು ಸಿಎಂಟಿ (ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್), ಅಂದರೆ ನಾಲ್ಕು ಬಟ್ಟಲಿನ ಪ್ಯಾಡಲ್. ಒಂದೊಂದು ತೊಟ್ಟಿನ ಹಾಲನ್ನು ಒಂದೊಂದು ಬಟ್ಟಲಿಗೆ ಹಿಂಡಿ, ಅಷ್ಟೇ ಸಿಎಂಟಿ ದ್ರಾವಣ ಹಾಕಿ ಮೆಲ್ಲಗೆ ತಿರುಗಿಸಬೇಕು. ಮೂರು ಬಟ್ಟಲಿನಲ್ಲಿ ನೀರಿನಂತೆ ಓಡಾಡುವ ಹಾಲು, ನಾಲ್ಕನೆಯದರಲ್ಲಿ ಮೊಟ್ಟೆಯ ಬಿಳಿ ಲೋಳೆಯಂತೆ ನಡುವೆ ಕೂತುಬಿಡುತ್ತದೆ. ಬಾವು ಇರುವ ಕಡೆ ಹಾಲಿಗೆ ಬಿಳಿ ರಕ್ತಕಣ ಜಾಸ್ತಿ ಬಂದಿರುತ್ತದೆ, ದ್ರಾವಣ ಅವನ್ನು ಒಡೆದಾಗ ಒಳಗಿನ ಡಿಎನ್‌ಎ ಅಂಟಿಕೊಂಡು ಹೀಗಾಗುತ್ತದೆ. ಕಣ್ಣಿಗೆ ಹಾಲು ಸರಿಯಾಗಿ ಕಾಣುವ ಒಳಬಾವನ್ನು ಹಿಡಿಯಲು ಕೊಟ್ಟಿಗೆಯಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಆದರೆ ಇದು ಯಾವ ತೊಟ್ಟು ಅಂತ ಹೇಳುತ್ತದೆ, ಯಾವ ರೋಗಾಣು ಅಂತ ಹೇಳುವುದಿಲ್ಲ. ಕರು ಹಾಕಿದ ಮೊದಲ ಕೆಲವು ದಿನ ಆರೋಗ್ಯದ ಹಸುವಿನಲ್ಲೂ ಲೋಳೆ ಬರುತ್ತದೆ, ಆಗ ನಂಬಬೇಡಿ.

ರೋಗಾಣುವಿನ ಹೆಸರು ಬೇಕೆಂದರೆ ಲ್ಯಾಬ್ ಕಲ್ಚರ್, ಅಂದರೆ ಹಾಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವುದು. ನನ್ನ ಮತ ಇದಕ್ಕೇ. ಲ್ಯಾಬಿನಲ್ಲಿ ತೋರಿಸಿದ ತಟ್ಟೆಯಲ್ಲಿ, ರಕ್ತ ಬೆರೆಸಿದ ಕೆಂಪು ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಚಿಕ್ಕ ಚಿಕ್ಕ ಚುಕ್ಕೆಗಳು ಎದ್ದು, ಒಂದೊಂದರ ಸುತ್ತ ರಕ್ತ ಕರಗಿ ತಿಳಿಯಾದ ಉಂಗುರ ಆಗಿತ್ತು. ಬೇರೆ ಪರೀಕ್ಷೆಯನ್ನೂ ಮಾಡಿ ಸ್ಟ್ಯಾಫಿಲೋಕಾಕಸ್ ಆರಿಯಸ್ ಅಂತ ಬರೆದುಕೊಟ್ಟರು. ಜೊತೆಗೆ ಯಾವ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ ಎನ್ನುವ ಪಟ್ಟಿಯೂ ಸಿಗುತ್ತದೆ, ಡಾಕ್ಟ್ರಿಗೆ ಬೇಕಾದದ್ದೇ ಅದು. ಕೊರತೆ ಅಂದರೆ ಎರಡು ಮೂರು ದಿನ ಕಾಯಬೇಕು. ಎಷ್ಟೋ ಸಲ ಏನೂ ಬೆಳೆಯುವುದಿಲ್ಲ. ಆರಿಯಸ್ ದಿನಾ ಹಾಲಿಗೆ ಬರುವುದಿಲ್ಲ, ಮೈಕೋಪ್ಲಾಸ್ಮಾ ಎಂಬ ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಮಾಮೂಲಿ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ, ಮೊದಲೇ ಟ್ಯೂಬ್ ಹಾಕಿದ್ದರಂತೂ ಮುಗಿಯಿತು.

ಪಿಸಿಆರ್ ಅಂದರೆ ಹಾಲಿನಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ, ಲ್ಯಾಬಿಗೆ ಹಾಲು ತಲುಪಿದ ಮೇಲೆ ಕೆಲವು ಗಂಟೆಗಳ ಕೆಲಸ. ಮೈಕೋಪ್ಲಾಸ್ಮಾವನ್ನೂ ಹಿಡಿಯುತ್ತದೆ. ಆದರೆ ದುಬಾರಿ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಇದೆ ಅಂತಲೇ ತೋರಿಸುತ್ತದೆ, ಯಾವ ಔಷಧಿ ನಾಟುತ್ತದೆ ಅನ್ನುವುದನ್ನು ಕಲ್ಚರಿನಷ್ಟು ಬಿಡಿಸಿ ಹೇಳುವುದಿಲ್ಲ. ಬಾವು ಮತ್ತೆ ಮತ್ತೆ ಬಂದು, ಕಲ್ಚರಿನಲ್ಲಿ ಏನೂ ಸಿಗದೇ ಹೋದಾಗ ಮಾತ್ರ ಇದಕ್ಕೆ ದುಡ್ಡು ಹಾಕಿ.

ಕಲ್ಚರಿರಲಿ, ಪಿಸಿಆರ್ ಇರಲಿ, ಹಾಲು ಹಿಡಿಯುವ ರೀತಿ ಸರಿಯಿಲ್ಲದಿದ್ದರೆ ಎರಡೂ ದಂಡ. ತೊಟ್ಟು ತೊಳೆದು ಒರೆಸಿ ಒಣಗಿಸಿ, ಮೊದಲ ಮೂರು ನಾಲ್ಕು ಧಾರೆ ಬೇರೆ ಕಡೆ ಹಿಂಡಿಬಿಡಿ. ಆಮೇಲೆ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಉಜ್ಜಿ. ಉಜ್ಜುವಾಗ ಆಚೆ ಬದಿಯ ತೊಟ್ಟು ಮೊದಲು, ಹಾಲು ಹಿಡಿಯುವಾಗ ಈಚೆ ಬದಿಯದು ಮೊದಲು, ಇಲ್ಲದಿದ್ದರೆ ಒರೆಸಿದ ತೊಟ್ಟಿಗೆ ನಿಮ್ಮ ತೋಳೇ ತಾಗುತ್ತದೆ. ಸ್ಟೆರೈಲ್ ಬಾಟಲಿಯನ್ನು ಓರೆಯಾಗಿ ಹಿಡಿಯಿರಿ, ಕೂದಲು ಧೂಳು ಬೀಳಬಾರದು. ತಕ್ಷಣ ಐಸ್ ಡಬ್ಬಿಗೆ. ಇದೆಲ್ಲ ಮೊದಲ ಟ್ಯೂಬಿಗೆ ಮುಂಚೆಯೇ ಆಗಬೇಕು. ಒಂದೇ ಹಾಲಿನಲ್ಲಿ ಮೂರು ಬಗೆಯ ಬ್ಯಾಕ್ಟೀರಿಯಾ ಬಂದರೆ ಅದು ಹೆಚ್ಚಾಗಿ ಚರ್ಮದ್ದೋ ಸಗಣಿಯದೋ.

ಹೆಸರು ಗೊತ್ತಾದರೆ ಲಾಭ ಏನು ಅಂತ ಕೇಳುವವರಿದ್ದಾರೆ. ಸ್ಟ್ರೆಪ್ಟೋಕಾಕಸ್ ಅಗಲಾಕ್ಟಿಯೇ ಆದರೆ ಪೆನಿಸಿಲಿನ್‌ಗೆ ಚೆನ್ನಾಗಿ ಬಗ್ಗುತ್ತದೆ. ಆರಿಯಸ್ ಆದರೆ ಕೆಚ್ಚಲೊಳಗೆ ಗೂಡು ಕಟ್ಟಿಕೊಂಡು ಕೂರುತ್ತದೆ, ಹಳೆಯ ಬಾವಾದರೆ ವಾಸಿಯಾಗುವುದು ಕಷ್ಟ. ಅಂಥ ಹಸುವಿನ ಹಾಲನ್ನು ಎಲ್ಲಕ್ಕಿಂತ ಕೊನೆಗೆ ಕರೆಯಬೇಕು, ಇಲ್ಲದಿದ್ದರೆ ಕೈಯಿಂದ, ಮಿಷನ್ನಿನಿಂದ, ಒರೆಸುವ ಬಟ್ಟೆಯಿಂದ ಪಕ್ಕದ ಹಸುವಿಗೂ ಹೋಗುತ್ತದೆ. ಇ. ಕೋಲಿ ಬರುವುದು ಹೆಚ್ಚಾಗಿ ಸಗಣಿ, ಕೆಸರಿನಿಂದ, ಹಾಗಾಗಿ ಮಲಗುವ ಜಾಗವನ್ನು ಒಣಗಿಸಬೇಕು. ಸೌಮ್ಯವಾಗಿದ್ದರೆ ಎಷ್ಟೋ ಹಸುಗಳು ತಾವೇ ಚೇತರಿಸಿಕೊಳ್ಳುತ್ತವೆ. ಆದರೆ ಜ್ವರ ಬಂದು ಮೇವು ಬಿಟ್ಟ ಹಸುವಿಗೆ ಯಾವ ರಿಪೋರ್ಟಿಗೂ ಕಾಯಬೇಡಿ, ಹಾಲು ಹಿಡಿದಿಟ್ಟು ಆಗಲೇ ಡಾಕ್ಟ್ರನ್ನು ಕರೆಸಿ.