ಡೆಂಗಿ ತಯಾರಿಗೆ ವೆನ್‌ಸಿಮ್: ವರ್ಷ ಬಳಸಿದ ಮೇಲೆ

ಕೋಲಾರ ಜಿಲ್ಲೆಯಲ್ಲಿ ನನ್ನದು ಜ್ವರ, ಲಾರ್ವಾ ಸಮೀಕ್ಷೆಯ ಕೆಲಸ. ಹೋದ ಮಳೆಗಾಲದಿಂದ, ಒಂದು ಅಂಕಿ ಬದಲಾದರೆ ಉಳಿದವು ಹೇಗೆ ಏರಿಳಿಯುತ್ತವೆ ಅಂತ ಗ್ರಾಫಿನಲ್ಲಿ ತೋರಿಸುವ ಕಂಪ್ಯೂಟರ್ ಸಾಫ್ಟ್‌ವೇರ್ ವೆನ್‌ಸಿಮ್ ಪಿಎಲ್‌ಇ ಬಳಸುತ್ತಿದ್ದೇನೆ. ಸ್ವಂತ ಕಲಿಕೆಗೆ ಉಚಿತ, ನನ್ನ ಸಂಬಳದಲ್ಲಿ ಇದನ್ನು ಆರಿಸಿಕೊಳ್ಳಲು ಅದೇ ಮೊದಲ ಕಾರಣ. ಇನ್‌ಸ್ಟಾಲ್ ಮಾಡೋದು, ಮೆನು ಎಲ್ಲಾ ಯೂಟ್ಯೂಬಿನಲ್ಲಿ ಸಿಗುತ್ತದೆ, ಬಿಡಿ.

ನನಗೆ ಹಿಡಿಸಿದ್ದು ಸ್ಲೈಡರ್, ಅಂದರೆ ಎಳೆದು ಅಂಕಿ ಬದಲಿಸುವ ಗುಂಡಿ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ಮೊಟ್ಟೆ, ಲಾರ್ವಾ, ಸೊಳ್ಳೆ ಅಂತ ಡಬ್ಬ ಬರೆದು, ನಡುವೆ ಪೈಪ್ ಎಳೆದು, ಪೈಪಿಗೊಂದು ವಾಲ್ವ್ ಕೂರಿಸುತ್ತೇನೆ. ಸಂಪು, ವಾಲ್ವ್ ನೋಡಿಯೇ ಬೆಳೆದ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಶಾ ಅಕ್ಕಂದಿರಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಫಾಗಿಂಗ್ ಸ್ಲೈಡರ್ ಎಳೆದರೆ ಗ್ರಾಫಿನಲ್ಲಿ ಸೊಳ್ಳೆಯ ಗೆರೆ ಧಡಕ್ಕನೆ ಬೀಳುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಏಳುತ್ತದೆ. ಹೊಗೆ ಹಾರಾಡುವ ಸೊಳ್ಳೆಯನ್ನು ಕೊಲ್ಲುತ್ತದೆ ಅಷ್ಟೇ, ಡ್ರಮ್ಮಿನ ಲಾರ್ವಾ ಹಾಗೇ ಇರುತ್ತದೆ ಅಲ್ವಾ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8-10 ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿ ಡ್ರಮ್ ಉಜ್ಜಿದರೆ ಗೆರೆ ಏಳೋದೇ ಇಲ್ಲ, ಅದನ್ನೇ 12 ದಿನಕ್ಕೊಮ್ಮೆ ಅಂತ ಮಾಡಿದರೆ ಸರ್ರನೆ ಮೇಲೇರುತ್ತದೆ. ಉಜ್ಜೋದು ಮುಖ್ಯ, ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ಒಣಗಿದ ಡ್ರಮ್ಮಿಗೆ ಅಂಟಿಕೊಂಡೇ ತಿಂಗಳುಗಟ್ಟಲೆ ಬದುಕುತ್ತದೆ.

ಆಮೇಲೆ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಅನ್ನೋ ಸ್ಲೈಡರ್ ಸೇರಿಸಿದೆ. ಹೊಟ್ಟೆ ಉರಿ ಶುರುವಾಗಿದ್ದು ಅಲ್ಲಿಂದ. ನೀರು ತಡವಾದಷ್ಟೂ ಜನ ಜಾಸ್ತಿ ಡ್ರಮ್ ತುಂಬಿಡುತ್ತಾರೆ, ಜಾಸ್ತಿ ದಿನ ಇಡುತ್ತಾರೆ. ಬಿಂದಿಗೆ ನೀರಿಗೆ ಕಾದು ಕೂತವರಿಗೆ ಚೆಲ್ಲಿ ಅಂತ ಯಾವ ಬಾಯಲ್ಲಿ ಹೇಳಲಿ? ಬಟ್ಟೆ ಬಿಗಿಯಾಗಿ ಕಟ್ಟಿ ಅನ್ನಬಹುದು, ಅಷ್ಟೇ. ಗ್ರಾಫ್ ತೋರಿಸಿದರೆ ‘ಮುಂದಿನ ತಿಂಗಳು ಎಷ್ಟು ಕೇಸು, ಅದನ್ನು ಹೇಳಿ’ ಅಂತ ಕೇಳುವವರೇ ಎಲ್ಲ. ಅಂಥ ಲೆಕ್ಕ ಬೇಕಾದವರು ಇದನ್ನು ಮುಟ್ಟಬೇಡಿ. ನಾನು ಹಾಕಿದ ಅಂಕಿಗಳಲ್ಲಿ ಅರ್ಧ ಅಂದಾಜು. ಯಾವ ವಾಲ್ವ್ ತಿರುಗಿಸಿದರೆ ಗೆರೆ ಜಾಸ್ತಿ ಬಗ್ಗುತ್ತದೆ ಅನ್ನೋದಕ್ಕೆ ಮಾತ್ರ ಇದನ್ನು ನಂಬುತ್ತೇನೆ.

ಅಷ್ಟಕ್ಕೇ ನನ್ನ ಕೆಲಸದ ರೀತಿ ಬದಲಾಗಿದೆ. ಸೊಳ್ಳೆ ಕಚ್ಚಿ ಜ್ವರ ಬರಲು 4-10 ದಿನ, ಆಮೇಲೆ ಪರೀಕ್ಷೆ, ಆಮೇಲೆ ವರದಿ. ಪಾಸಿಟಿವ್ ಪಟ್ಟಿ ಹಿಡಿದು ಆ ಬೀದಿಗೆ ಹೋಗುವಷ್ಟರಲ್ಲಿ ಮುಂದಿನ ಸುತ್ತಿನ ಸೊಳ್ಳೆ ಹಾರುತ್ತಿರುತ್ತದೆ. ಈಗ ಪಟ್ಟಿಗೆ ಕಾಯುವುದಿಲ್ಲ. ವಾಟರ್‌ಮ್ಯಾನ್ ಹತ್ತಿರ ನೀರು ಬಿಡುವ ಸರದಿ ಕೇಳಿಕೊಂಡು, ತಡವಾಗಿ ನೀರು ಸಿಗುವ ಬೀದಿಗಳಲ್ಲೇ ಲಾರ್ವಾ ಸಮೀಕ್ಷೆ ಮೊದಲು ಮಾಡುತ್ತೇವೆ.