ಗೋವಾ ತಪ್ಪಿತು, ಈಗ ಇಟಗಿಯೋ ಆನೆಗೊಂದಿಯೋ?

ಘಟ್ಟದ ಮಳೆಗೆ ಗೋವಾ ರೈಲು ರದ್ದಾಗಿ ಕೊಪ್ಪಳದಲ್ಲೇ ಉಳಿದಿದ್ದೀರಿ. ರಜೆ ಎರಡು ದಿನ, ಜೊತೆಗೆ ಮಂಡಿನೋವಿನ ತಾಯಿ, ಇಬ್ಬರು ಮಕ್ಕಳು. ಜಿಲ್ಲೆಯಲ್ಲೇ ಇರುವ ಇಟಗಿಯ ಹಳೆಯ ಗುಡಿಗೋ, ತುಂಗಭದ್ರೆಯ ದಡದ ಆನೆಗೊಂದಿಗೋ ಎಂದು ಕೇಳಿದ್ದೀರಿ.

ಮೊದಲು ಮಳೆಯ ಮಾತು. ಆನೆಗೊಂದಿಯ ಸೊಗಸೆಲ್ಲ ಬಯಲಿನಲ್ಲಿದೆ: ಬಂಡೆ, ಗದ್ದೆ, ಹೊಳೆ. ಅಣೆಕಟ್ಟೆಯಿಂದ ನೀರು ಬಿಟ್ಟರೆ ತುಂಗಭದ್ರೆ ಉಕ್ಕುತ್ತದೆ, ದೋಣಿ ನಿಲ್ಲುತ್ತದೆ. ನಡುಗಡ್ಡೆಯಲ್ಲಿರುವ ನವಬೃಂದಾವನ, ಅಂದರೆ ಒಂಬತ್ತು ಮಾಧ್ವ ಯತಿಗಳ ಸಮಾಧಿಗಳ ತಾಣ, ದಡದಿಂದಲೇ ಕೈಮುಗಿಯುವಷ್ಟಕ್ಕೆ ಉಳಿಯುತ್ತದೆ. ಇಟಗಿಯಲ್ಲಿ ಹಾಗಲ್ಲ. 1112ರ ಮಹಾದೇವ ದೇವಾಲಯದ ಕಂಬಗಳ ಮಂಟಪದಲ್ಲಿ ಕುಳಿತರೆ ಮಳೆಯೇ ಒಂದು ನೋಟ. ಕಡೆದ ಕಂಬದ ನುಣುಪಿನ ಮೇಲೆ ಬೆರಳಾಡಿಸಿ ನೋಡಿ, ಬಳೆ ಜೋಡಿಸಿಟ್ಟಂತೆ ಸುತ್ತುಗಳು ಸಿಗುತ್ತವೆ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದದ್ದು ಬರಿಯ ಹೊಗಳಿಕೆಯಲ್ಲ ಎಂದು ನನಗೆ ಪ್ರತಿಸಲವೂ ಅನ್ನಿಸಿದೆ.

ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಒದ್ದೆ ಕಲ್ಲಿನ ಮೇಲೆ ತಾಯಿಯವರನ್ನು ದಯವಿಟ್ಟು ಹತ್ತಿಸಬೇಡಿ.

ಊಟ, ವಸತಿಗೆ ಆನೆಗೊಂದಿಯೇ ಅನುಕೂಲ, ಗಂಗಾವತಿ ಹತ್ತಿರವಿದೆ. ಇಟಗಿಗೆ ಬುತ್ತಿ ಕಟ್ಟಿಕೊಳ್ಳಿ, ರೊಟ್ಟಿ, ಶೇಂಗಾ ಚಟ್ನಿ ಸಾಕು. ಖರ್ಚೂ ಕಡಿಮೆ, ಸಂಜೆಗೆ ಮನೆ ಸೇರಬಹುದು. ಏಳು ಕಿ.ಮೀ. ದೂರದ ಕುಕನೂರಿನ ನವಲಿಂಗ ಗುಡಿಗಳನ್ನೂ ಅದೇ ದಿನ ನೋಡಬಹುದು.

ಮೋಡ ಕವಿದಿದ್ದರೆ ಇಟಗಿ, ತಾಯಿಯವರಿಗೂ ಅದೇ ಸುಲಭ. ಬಿಸಿಲು ಬಿದ್ದು, ಮಕ್ಕಳಿಗೆ ಓಡಾಡುವ ಹಟವಿದ್ದರೆ ಆನೆಗೊಂದಿ. ಆಗ ತಾಯಿಯವರು ಪಂಪಾ ಸರೋವರದ ದಂಡೆಯಲ್ಲಿ ಕುಳಿತಿರಲಿ. ಹೊರಡುವ ಮುನ್ನ ಹೊಳೆಯ ನೀರಿನ ಮಟ್ಟ ವಿಚಾರಿಸಿಕೊಳ್ಳಿ.