ಸೋಲಾರ್ ಲೆಕ್ಕಕ್ಕೆ ಮೂರು ದಾರಿ, ನನ್ನ ಓಟು ಪಿಝೆಮ್‌ಗೆ

ನಮ್ಮ ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್ ಇದೆ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ 12 ಯೂನಿಟ್‌ಗೆ ಮೋಸವಿಲ್ಲ. ಈ ಬೇಸಿಗೆಯಲ್ಲಿ ಅದು 8ಕ್ಕೆ ಇಳಿಯಿತು. ಹಾಕಿಕೊಟ್ಟವರು "ಧೂಳು ಕೂತಿರುತ್ತೆ, ತೊಳೀರಿ" ಅಂದರು. ಎರಡು ವಾರ ಬಕೆಟ್ ಹೊತ್ತು ಮೆಟ್ಟಿಲು ಹತ್ತಿದೆ. ಪ್ಯಾನೆಲ್ ಫಳಫಳ, ಯೂನಿಟ್ ಮಾತ್ರ ಅಷ್ಟೇ. ಸರಿ, ನಾನೇ ಅಳೆದು ನೋಡೋಣ ಅಂತ ಹೊರಟೆ.

ಮೊದಲು ತಂದದ್ದು ಕರೆಂಟು ಅಳೆಯುವ ಎಸ್‌ಸಿಟಿ-013 ಕ್ಲ್ಯಾಂಪ್ ಮತ್ತು ಅದನ್ನು ಓದಿ ವೈಫೈನಲ್ಲಿ ಕಳಿಸುವ ಪುಟ್ಟ ಇಎಸ್‌ಪಿ32 ಬೋರ್ಡ್. ಓಪನ್‌ಎನರ್ಜಿಮಾನಿಟರ್ ಅನ್ನೋ ಗುಂಪಿನವರು ಸರ್ಕ್ಯೂಟು, ಕೋಡು ಎಲ್ಲ ಬಿಚ್ಚಿಟ್ಟಿದ್ದಾರೆ. ವೈರ್ ಕತ್ತರಿಸುವ ಕೆಲಸವಿಲ್ಲ, ಫೇಸ್ ವೈರಿಗೆ ಕಚ್ಚಿಸಿದರೆ ಆಯ್ತು. ಅಗ್ಗ ಬೇರೆ.

ಆದರೆ ಒಂದು ಭಾನುವಾರ ಪೂರ್ತಿ ತಿಂದುಹಾಕಿತು. ಕ್ಲ್ಯಾಂಪಿನ ತುದಿಯನ್ನು 25ನೇ ಪಿನ್‌ಗೆ ಬೆಸುಗೆ ಹಾಕಿದ್ದೆ. ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಹಚ್ಚಿದರೆ ಸರಿಯಾದ ಅಂಕಿ. ವೈಫೈ ಸೇರಿಸಿದ ತಕ್ಷಣ ಏನೇನೋ. ರೆಸಿಸ್ಟರ್ ಬದಲಿಸಿದೆ, ಕ್ಲ್ಯಾಂಪ್ ಬದಲಿಸಿದೆ, ಬೋರ್ಡನ್ನೇ ಬದಲಿಸಿದೆ. ಊಟ ಆರಿ ಹೋಯಿತು. ಸಂಜೆಗೆ ಗೊತ್ತಾದದ್ದು: ಈ ಚಿಪ್ಪಿನಲ್ಲಿ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಎರಡು. ವೈಫೈ ನಡೆಯುವಾಗ ಎರಡನೆಯದನ್ನು ನೆಚ್ಚುವ ಹಾಗಿಲ್ಲ. 25 ಅದಕ್ಕೇ ಸೇರಿದ್ದು! 34ಕ್ಕೆ ಬದಲಿಸಿದೆ, ಸರಿಹೋಯಿತು. ಸರಿಹೋಯಿತು ಅಂದರೆ, ಸೂರ್ಯ ಮುಳುಗಿದ ಮೇಲೂ 40 ವಾಟ್ ತೋರಿಸುತ್ತಿತ್ತು. ಚಂದ್ರನಿಂದ ಬರುತ್ತೇನೋ ಅಂತ ಮನೆಯವರು ನಕ್ಕರು.

ಆಮೇಲೆ ಪಿಝೆಮ್-004ಟಿ ಅನ್ನೋ ಪುಟ್ಟ ಮೀಟರ್ ತರಿಸಿದೆ. ಸುಮಾರು 900 ರೂಪಾಯಿ. ಲೆಕ್ಕವನ್ನು ಅದರೊಳಗಿನ ಚಿಪ್ಪೇ ಮಾಡಿ ಅಂಕಿಯಾಗಿ ಕಳಿಸುತ್ತದೆ, ಇಎಸ್‌ಪಿ32 ಸುಮ್ನೆ ಅಂಚೆಯವನು. ಇಎಸ್‌ಪಿಹೋಮ್ ಅನ್ನೋ ತಂತ್ರಾಂಶದಲ್ಲಿ ಹತ್ತಿಪ್ಪತ್ತು ಸಾಲು ಬರೆದರೆ ಮುಗಿಯಿತು. ಮುಖ್ಯವಾಗಿ ಇದು ವೋಲ್ಟೇಜನ್ನೂ ಅಳೆಯುತ್ತದೆ. ನಮ್ಮ ಕಳ್ಳ ಸಿಕ್ಕಿದ್ದು ಅಲ್ಲೇ. ಮೂರನೇ ದಿನ ಮಧ್ಯಾಹ್ನ 12:40ಕ್ಕೆ ವೋಲ್ಟೇಜ್ 258 ಮುಟ್ಟಿತು, ಮರುಕ್ಷಣ ವಾಟ್ ಸೊನ್ನೆ. ಕೆಲವು ನಿಮಿಷ ಬಿಟ್ಟು ಮತ್ತೆ ಶುರು, ಮತ್ತೆ ಸೊನ್ನೆ. ಬೀದಿಯ ಲೈನಿನಲ್ಲಿ ವೋಲ್ಟೇಜ್ ಏರಿದಾಗಲೆಲ್ಲ, ಪ್ಯಾನೆಲ್ಲಿನ ಡಿಸಿಯನ್ನು ಮನೆಯ ಕರೆಂಟಾಗಿಸುವ ಇನ್ವರ್ಟರ್ ತಾನಾಗೇ ನಿಂತುಬಿಡುತ್ತಿತ್ತು. ಕ್ಲ್ಯಾಂಪ್ ಒಂದರಿಂದ ಇದು ತಿಳಿಯುತ್ತಲೇ ಇರಲಿಲ್ಲ.

ಕೊರತೆ ಇಲ್ಲದಿಲ್ಲ. ಕರೆಂಟು ಒಳಗೆ ಬರುತ್ತಿದೆಯಾ, ಹೊರಗೆ ಹೋಗುತ್ತಿದೆಯಾ ಅಂತ ಇದಕ್ಕೆ ಗೊತ್ತಾಗಲ್ಲ. ಅದಕ್ಕೇ ಇನ್ವರ್ಟರ್ ಔಟ್‌ಪುಟ್‌ನಲ್ಲೇ ಕೂರಿಸಬೇಕು. ಪವರ್ ಕಟ್ ಆದರೆ ಮೌನ. ಆಗ ನಮ್ಮಂಥ ಬ್ಯಾಟರಿ ಇಲ್ಲದ ಸೋಲಾರೂ ನಿಂತಿರುತ್ತದೆ, ನಷ್ಟವೇನಿಲ್ಲ. 230 ವೋಲ್ಟ್ ತಂತಿ ಮುಟ್ಟುವ ಕೆಲಸ, ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಮೂರನೆಯದು ಇನ್ವರ್ಟರಿನ ಆರ್‌ಎಸ್485 ಪೋರ್ಟಿನಿಂದ ಮಾಡ್‌ಬಸ್ ಅನ್ನೋ ಯಂತ್ರಗಳ ಭಾಷೆಯಲ್ಲಿ ಓದುವುದು. ಒಂದೊಂದು ಪ್ಯಾನೆಲ್ ಸಾಲಿನ ಡಿಸಿ ವೋಲ್ಟೇಜೂ ಸಿಗುತ್ತದೆ. ಆದರೆ ಯಾವ ಅಂಕಿ ಎಲ್ಲಿದೆ ಅಂತ ಹೇಳುವ ರಿಜಿಸ್ಟರ್ ಪಟ್ಟಿ ಬೇಕು, ಕೇಳಿದರೆ ನನಗೆ ಸಿಗಲಿಲ್ಲ. ನಿಮ್ಮ ಕೈಯಲ್ಲಿ ಪಟ್ಟಿ ಇದ್ದು, ಪ್ಯಾನೆಲ್ ಎರಡು ದಿಕ್ಕಿಗಿದ್ದರೆ ಅದೇ ಮೇಲು.

ನನಗೆ ಬೆಳಗಿನ ಕಾಫಿ ಜೊತೆ ನಿನ್ನೆಯ ಗ್ರಾಫ್ ನೋಡಿದರೆ ಸಾಕು, ಅದನ್ನು ಪಿಝೆಮ್ ಕೊಡುತ್ತದೆ. ಆ ಗ್ರಾಫ್ ತೋರಿಸಿದ ಮೇಲೆ ಲೈನ್‌ಮನ್ ಬಂದು ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಹೊಂದಿಸುವ ಟ್ಯಾಪ್ ಇಳಿಸಿದರು. ಈಗ ಮಧ್ಯಾಹ್ನ 243 ವೋಲ್ಟ್. ನಿನ್ನೆ 12.6 ಯೂನಿಟ್.